ಆ ಹತ್ತು ನಿಮಿಷ ಸಿದ್ದಮ್ಮ ಎಲ್ಲಿದ್ದರು

2023ರ ಜೂನ್ 6, ಮಂಗಳವಾರ, ಬೆಳಗ್ಗೆ ಒಂಬತ್ತೂಕಾಲು. ನನ್ನ ದಿನಚರಿಯಲ್ಲಿ ಸಿದ್ದಮ್ಮನವರ ಹೆಸರು ಮೊದಲು ಬರುವುದು ಆ ಹೊತ್ತಿನ ಎದುರಿಗೆ. ಆಗ ನನಗೆ ಇಪ್ಪತ್ತೇಳು ವರ್ಷ. ಸೇಲಂನ ಒಂದು ಸಣ್ಣ ಖಾಸಗಿ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಡಿಗ್ರಿ ಮುಗಿದ ಮೇಲೆ ಮೂವ್‌ಮೆಂಟ್ ಥೆರಪಿಯಲ್ಲಿ ಒಂದು ವರ್ಷದ ಕೋರ್ಸ್ ಮಾಡಿದ್ದೆ. ಅದರ ಬಲದ ಮೇಲೆ, ಬಹುಕಾಲದ ನೋವಿರುವ ಹೆಂಗಸರಿಗಾಗಿ ಮಂಗಳವಾರ ಮತ್ತು ಶುಕ್ರವಾರ ಹತ್ತೂವರೆಗೆ ಒಂದು ತರಗತಿ ನಡೆಸುತ್ತಿದ್ದೆ.

ತರಗತಿ ನಡೆಯುತ್ತಿದ್ದದ್ದು ಕ್ಲಿನಿಕ್‌ನವರು ಬಾಡಿಗೆಗೆ ಹಿಡಿದಿದ್ದ ಒಂದು ಮಹಡಿ ಹಾಲ್‌ನಲ್ಲಿ. ಕೆಳಗೆ ಬೆಳ್ಳಿ ಕಾಲ್ಗೆಜ್ಜೆ ಮಾಡುವ ವರ್ಕ್‌ಶಾಪ್ ಇತ್ತು. ತಯಾರಾದ ಗೆಜ್ಜೆಗಳನ್ನು ಅಂಟುವಾಳದ ನೀರಿನೊಂದಿಗೆ ಪೀಪಾಯಿಯಲ್ಲಿ ಹಾಕಿ ತಿರುಗಿಸುವಾಗ ನಮ್ಮ ನೆಲವೆಲ್ಲ ಸಣ್ಣಗೆ ಜಲ್ ಎನ್ನುತ್ತಿತ್ತು. ಮೊದಲ ಇಪ್ಪತ್ತು ನಿಮಿಷ ಚಾಪೆಯ ಮೇಲೆ ಮಲಗಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಮನಸ್ಸಿನಲ್ಲಿ ಮುಟ್ಟುತ್ತ ಹೋಗಬೇಕು. ಇದಕ್ಕೆ ಬಾಡಿ ಸ್ಕ್ಯಾನ್ ಎನ್ನುತ್ತೇವೆ. ಆಮೇಲೆ ಎದ್ದು ನಿಂತು ಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ದಾಟಿಸುವುದು, ನಿಧಾನವಾಗಿ ನಡೆಯುವುದು. ಕೊನೆಯ ಹತ್ತು ನಿಮಿಷ ಕುಣಿತ. ಹೆಜ್ಜೆ ಹೇಳಿಕೊಡುವುದಿಲ್ಲ, ಕನ್ನಡಿ ಇಲ್ಲ, ಯಾರೂ ಯಾರನ್ನೂ ನೋಡುವಂತಿಲ್ಲ. ತಮ್ಮ ಮೈ ಎತ್ತ ಹೋಗಬೇಕೆನ್ನುತ್ತದೋ ಅತ್ತ ಬಿಟ್ಟು, ಅದನ್ನು ಗಮನಿಸುವುದಷ್ಟೇ ಕೆಲಸ.

ಸಿದ್ದಮ್ಮ ಸೇಲಂ ಹತ್ತಿರದ ಮೇಚೇರಿಯವರು, ನಲವತ್ತೆರಡು ವರ್ಷ. ಮನೆಯಲ್ಲಿ ಕುರಿ ಸಾಕಣೆ. ಗಂಡ ಮುರುಗೇಶ ಮಿನಿ ಬಸ್ ಓಡಿಸುತ್ತಾರೆ. ಸಿದ್ದಮ್ಮನಿಗೆ ಏಳು ವರ್ಷದಿಂದ ಕುತ್ತಿಗೆ ನೋವು. ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಜೊತೆಗೆ ಬಂದಿದ್ದ ಅತ್ತೆ ಕೆಂಪಮ್ಮ, ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡೇ ಸೊಸೆಯ ಪರವಾಗಿ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ನಾನು ತಮಿಳಿನಲ್ಲಿ ಕೇಳುತ್ತಿದ್ದೆ, ಅವರೂ ತಮಿಳಿನಲ್ಲೇ ಹೇಳುತ್ತಿದ್ದರು. ಅಳತೆ ತೆಗೆಯುವಾಗ ನನ್ನಷ್ಟಕ್ಕೆ ನಾನು ಕನ್ನಡದಲ್ಲಿ ಎಣಿಸಿದ್ದು ಕೇಳಿ ಕೆಂಪಮ್ಮ ತಲೆ ಎತ್ತಿದರು.

"ನೀನು ನಮ್ಮೋಳಾ? ಮೊದ್ಲೇ ಏಳಬಾರ್ದಾ? ಅರ್ಧ ಗಂಟೆಯಿಂದ ಯೋಚನೆ ಮಾಡಿ ಮಾಡಿ ತಮಿಳು ಮಾತಾಡ್ತಿವ್ನಿ."

ನಮ್ಮದು ಸೇಲಂನಲ್ಲೇ ನೆಲೆಸಿದ ಕನ್ನಡದ ಮನೆ. ಮಾತು ಮನೆಯೊಳಗಿನದು, ಓದುಬರಹ ಅಮ್ಮ ಬೇಸಿಗೆ ರಜೆಗಳಲ್ಲಿ ಕಲಿಸಿದ್ದು.

ಅಂದು ಮಾಡಿದ ಪರೀಕ್ಷೆ ಇದು: ತಲೆಗೆ ಒಂದು ಪಟ್ಟಿ ಕಟ್ಟಿ, ಅದರಲ್ಲಿ ಸಣ್ಣ ಲೇಸರ್ ದೀಪ ಸಿಕ್ಕಿಸುತ್ತೇವೆ. ಗೋಡೆಯ ಮೇಲಿನ ಗುರುತಿಗೆ ಕೆಂಪು ಚುಕ್ಕೆ ಬೀಳುವಂತೆ ನೇರ ಕೂರಿಸಿ, ಕಣ್ಣು ಮುಚ್ಚಿಸಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮೊದಲಿದ್ದಲ್ಲಿಗೆ ತರಲು ಹೇಳುತ್ತೇವೆ. ಕಣ್ಣಿನ ಸಹಾಯವಿಲ್ಲದೆ ತನ್ನ ಅಂಗ ಎಲ್ಲಿದೆಯೆಂದು ಮೈಗೆ ತಿಳಿಯುವ ಶಕ್ತಿಗೆ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರು. ಅದು ಸರಿಯಿದ್ದರೆ ಚುಕ್ಕೆ ಗುರುತಿನ ಹತ್ತಿರಕ್ಕೆ ಬರುತ್ತದೆ. ಸಿದ್ದಮ್ಮನ ಚುಕ್ಕೆ ಗುರುತನ್ನು ದಾಟಿ, ಪಕ್ಕದ ಕ್ಯಾಲೆಂಡರ್ ಮೇಲೆ ನಿಂತಿತು. ಕಣ್ಣು ತೆರೆದು ನೋಡಿ ಅವರು ಬೆರಗಾಗಲಿಲ್ಲ. ತನ್ನ ಮೈ ತನಗೆ ಯಾವಾಗಲೂ ಬೇರೆಯವರ ಮೈಯಂತೆ ಇರುತ್ತದೆ, ಬಾಗಿಲ ಚೌಕಟ್ಟಿಗೆ ದಿನಾ ಭುಜ ತಾಗುತ್ತದೆ ಎಂದರು. ಆ ದಿನ ಅವರು ತಾವಾಗಿ ಆಡಿದ ಮಾತು ಅದೊಂದೇ.

ಮೂರು ವಾರ ಮಲಗುವುದು, ನಡೆಯುವುದು ಚೆನ್ನಾಗಿ ನಡೆಯಿತು. ಕುಣಿತ ಮಾತ್ರ ಯಾರಿಗೂ ಬೇಡವಾಗಿತ್ತು. ನಾವೇನು ಸಿನಿಮಾದವರೇ ಎಂದು ನಗುತ್ತಿದ್ದರು. ನಾನು ಹಾಕುತ್ತಿದ್ದ ಮೆಲುವಾದ ಪಿಯಾನೊ ಸಂಗೀತಕ್ಕೆ ಲಿಫ್ಟ್ ಪಾಟ್ಟು, ಅಂದರೆ ಲಿಫ್ಟ್‌ನಲ್ಲಿ ಕೇಳಿಬರುವ ಹಾಡು, ಎಂದು ಹೆಸರಿಟ್ಟರು. ಹೀಗಿದ್ದೂ ಸಿದ್ದಮ್ಮ ಹಾಲ್‌ನ ಮೂಲೆಯಲ್ಲಿ, ಕಿಟಕಿಗೆ ಮುಖ ಮಾಡಿ, ಬಲ ಮೊಣಕೈಯನ್ನು ಮಾತ್ರ ಆಡಿಸುತ್ತಿದ್ದರು. ಹಿಟ್ಟು ನಾದುವಾಗ ಆಡುವಷ್ಟೇ, ಬಹಳ ಸಣ್ಣಗೆ. ಹತ್ತು ನಿಮಿಷ ಮುಗಿದರೂ ನಿಲ್ಲಿಸಲು ಮನಸ್ಸಿಲ್ಲದವರಂತೆ ಇರುತ್ತಿದ್ದರು.

ಜೂನ್ 27ರ ಮಂಗಳವಾರ ನಿವೃತ್ತ ವಿಜ್ಞಾನ ಶಿಕ್ಷಕಿ ಸರೋಜಾ ಟೀಚರ್, ಮೊಣಕಾಲು ನೋವಿಗಾಗಿ ಬರುತ್ತಿದ್ದವರು, ತಮ್ಮ ಫೋನ್‌ನಲ್ಲಿ ಏನೋ ಹುಡುಕಿಕೊಂಡು ಬಂದರು. ಕಾಲು ತಾನಾಗಿ ಏಳುವಂಥ ತಾಳ ಎಂದರು. ಅದು ಉಡುಕೆ, ನಡು ಸಣ್ಣಗಿರುವ, ಅಂಗೈಯಲ್ಲಿ ಹಿಡಿದು ಬಾರಿಸುವ ವಾದ್ಯ. ಎಲ್ಲರಿಗೂ ಹಿಡಿಸಿತು, ನನಗೂ ಹಿಡಿಸಿತು. ಪಟ್ಟಣದಲ್ಲಿ ಬೆಳೆದ ನನಗೆ ಉಡುಕೆ ಎಂದರೆ ಚುರುಕಾದ ಜಾನಪದ ತಾಳ, ಅಷ್ಟೇ. ಮಂಗಳವಾರವಾದ್ದರಿಂದ ಕೆಳಗಿನ ವರ್ಕ್‌ಶಾಪ್‌ನವರು ಹಾಕಿದ ಸಾಂಬ್ರಾಣಿಯ ಹೊಗೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕಣ್ಣು ಮುಚ್ಚಿ, ಉಸಿರು ಗಮನಿಸಿ, ಮೈಯನ್ನು ತೂಗಲು ಬಿಡಿ ಎಂದು ನಾನು ಹೇಳಿದೆ. ಉಡುಕೆ, ಸಾಂಬ್ರಾಣಿ, ಮುಚ್ಚಿದ ಕಣ್ಣು, ತೂಗುವ ಮೈ. ಮೇಚೇರಿ ಕಡೆ ಮನೆದೇವರನ್ನು ಮೈಮೇಲೆ ಕರೆಯಲು ಬೇಕಾದ್ದನ್ನೆಲ್ಲ ನಾವು ಸೇರಿಸಿ ಇಟ್ಟಿದ್ದೆವು.

ಹನ್ನೊಂದೂ ಇಪ್ಪತ್ತರ ಹೊತ್ತಿಗೆ ಸಿದ್ದಮ್ಮನ ಎರಡೂ ಪಾದ ಒಟ್ಟಿಗೆ ಸೇರಿಕೊಂಡವು. ಉಸಿರು ಬುಸುಗುಟ್ಟಿತು. ತುರುಬು ಬಿಚ್ಚಿತು. ಭುಜದವರೆಗೂ ತಿರುಗಿಸಲಾಗದೆ ನರಳುತ್ತಿದ್ದ ಆ ಕುತ್ತಿಗೆ ಸುತ್ತಲೂ ತಿರುಗತೊಡಗಿತು. ಪಾಠದಲ್ಲಿ ಇದಕ್ಕೆ ಡಿಸೋಸಿಯೇಷನ್ ಎಂಬ ಪದವಿದೆ. ಮನಸ್ಸು ಮೈಯಿಂದ ಬೇರ್ಪಟ್ಟು, ನಡೆಯುತ್ತಿರುವುದು ತನಗೇ ತಿಳಿಯದ ಸ್ಥಿತಿ. ಅಂಥ ಹೊತ್ತಿನಲ್ಲಿ ಹೆಸರು ಹಿಡಿದು ಕರೆಯಬೇಕೆಂದು ಕಲಿತಿದ್ದೆ. ಎರಡು ಮೂರು ಸಲ ಕರೆದೆ. ಆ ಹೆಸರಿನವರು ಅಲ್ಲಿರಲಿಲ್ಲ.

ಬಾಗಿಲ ಬಳಿ ಬೆಂಚಿನ ಮೇಲಿದ್ದ ಕೆಂಪಮ್ಮ ಎದ್ದರು. ಅವಸರವೇನೂ ಇರಲಿಲ್ಲ. ಎಲೆಅಡಿಕೆ ಉಗಿದು ಬಂದು, ತಾಳ ನಿಲ್ಲಿಸಲು ಹೇಳಿದರು, ಎಲ್ಲರನ್ನೂ ಕೂರಿಸಿದರು, ಕುಡಿಯುವ ನೀರಿನ ಬಾಟಲಿ ತೆಗೆದು ಸೊಸೆಯ ಪಾದಗಳ ಮೇಲೆ ಸುರಿದರು. ಆಮೇಲೆ ಕೈಮುಗಿದು, ಪಕ್ಕದ ಮನೆಯವರೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದರು:

"ತಾಯಿ, ಕರೆದಿದ್ದು ನಾವಲ್ಲ. ಇವರು ಗೊತ್ತಿಲ್ದೆ ಬಾರಿಸಿಬಿಟ್ರು. ಆಡಿ ತಿಂಗ್ಳು ಮನೆಗೆ ಬಾ, ಈಗ ಮಲೆ ಏರು."

ಆಡಿ ಎಂದರೆ ಜುಲೈ ನಡುವಿಗೆ ಶುರುವಾಗುವ ತಮಿಳು ತಿಂಗಳು. ದೇವಿ ಮೈಬಿಟ್ಟು ಹೋಗುವುದಕ್ಕೆ ಅವರು ಮಲೆ ಏರುವುದು ಎನ್ನುತ್ತಾರೆ. ಬುಸುಗುಟ್ಟುವುದು ಕಡಿಮೆಯಾದ ಮೇಲೆ ಕೆಂಪಮ್ಮ ಕುಕ್ಕರುಗಾಲಲ್ಲಿ ಕುಳಿತು, ತಮ್ಮ ಎರಡು ಅಂಗೈಗಳನ್ನು ಸಿದ್ದಮ್ಮನ ಎರಡು ಪಾದಗಳ ಮೇಲಿಟ್ಟು ಒತ್ತಿದರು. ನಾನೆಂದೂ ಕೇಳದ ಒಂದು ಹೆಸರಿನಿಂದ ಕರೆದರು, ತವರಿನಲ್ಲಿ ಕರೆಯುತ್ತಿದ್ದ ಹೆಸರು. "ಚಿಕ್ಕಿ, ಇಲ್ಲಿ ನೆಲ ಐತೆ. ನೆಲದ ಮ್ಯಾಲೆ ಕಾಲೈತೆ. ಬಾ."

ಸಿದ್ದಮ್ಮ ಕಣ್ಣು ತೆರೆದರು. "ಯಾರಿಗಾದ್ರೂ ಒಡೆದ್ನಾ?" ಎಂದು ಕೇಳಿದರು. ಬೇರೇನೂ ನೆನಪಿರಲಿಲ್ಲ.

ಸರೋಜಾ ಟೀಚರ್ ಮೆಲ್ಲನೆ ಮುಂದೆ ಜರುಗಿ, ತಮ್ಮ ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳಬಹುದೇ, ದೇವಿ ಏನು ಹೇಳುತ್ತಾಳೆ ಎಂದು ಕೆಂಪಮ್ಮನನ್ನು ಕೇಳಿದರು. "ಅದ್ನ ಡಾಕ್ಟ್ರನ್ನ ಕೇಳಮ್ಮ" ಎಂದು ಕೆಂಪಮ್ಮ ಬಾಟಲಿಗೆ ಮುಚ್ಚಳ ಹಾಕಿದರು.

ಶುಕ್ರವಾರ ಅವರಿಬ್ಬರೂ ಬರಲಿಲ್ಲ. ಶನಿವಾರ ಕೆಂಪಮ್ಮ ಫೋನ್ ಮಾಡಿದರು. ಸಿದ್ದಮ್ಮ ಎರಡು ದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಈಗಲೂ ಕುತ್ತಿಗೆ ಮುಟ್ಟಲು ಬಿಡುತ್ತಿಲ್ಲ, ಮುರುಗೇಶ ಇನ್ನು ಆ ಕ್ಲಾಸ್ ಬೇಡವೇ ಬೇಡ ಎನ್ನುತ್ತಿದ್ದಾನೆ, ಅವಳು ಊಟ ಬಿಟ್ಟು ಕೂತಿದ್ದಾಳೆ, ಬಂದು ಮಾತಾಡು ಎಂದರು.

ಜುಲೈ 2, ಭಾನುವಾರ, ಬಸ್ ಹಿಡಿದು ಮೇಚೇರಿಗೆ ಹೋದೆ. ಸಂತೆಯ ಬಯಲು ದಾಟಿದ ಮೇಲೆ ಅವರ ಮನೆ, ಪಕ್ಕದಲ್ಲಿ ಕುರಿಹಟ್ಟಿ. ದಾರಿಯುದ್ದಕ್ಕೂ ನರಮಂಡಲ, ಸ್ನಾಯು ಎಂದು ಒಂದು ವಿವರಣೆ ಸಿದ್ಧ ಮಾಡಿಕೊಂಡಿದ್ದೆ. ಮುರುಗೇಶ ಒರಟರಲ್ಲ. ಕುರ್ಚಿ ಹಾಕಿ, ಕುಡಿಯಲು ಮಜ್ಜಿಗೆ ಕೊಟ್ಟು, ಆಮೇಲೆ ಹೇಳಿದರು.

"ನಮ್ಮನೆ ತಾಯಿ ವರ್ಸಕ್ಕೊಂದು ದಪ ಬರ್ತಾಳೆ, ನಮ್ಮನೆ ಒಸ್ತಿಲ ಒಳಗೆ. ಕರೆಂಟ್ ಸ್ವಿಚ್ ಥರ ಆಕಿ ತೆಗಿಯಾಕಾಗಲ್ಲ ಮೇಡಂ. ನಾಳೆ ಯಾರಾದ್ರೂ ಫೋನ್‌ನಾಗೆ ವಿಡಿಯೊ ಎತ್ತಿ ಊರಿಗೆಲ್ಲ ಕಳಿಸಿದ್ರೆ? ನಂಗೆ ಬೇಕಾಗಿರೋದು ಅವಳು ನೋವಿಲ್ದೆ ಮಲ್ಗೋದು. ನಿಮ್ಮ ಕ್ಲಾಸ್‌ಗೆ ಓಗಿ ನೋವು ಜಾಸ್ತಿ ಆಯ್ತು."

ಅವರಿಗೆ ಇನ್ನೂ ಒಂದು ಭಯವಿತ್ತು. ಆಡಿ ಮಾಸದ ಎರಡನೆಯ ಶುಕ್ರವಾರ ಆ ಮನೆಯಲ್ಲಿ ಪೂಜೆ. ನೆಂಟರಿಷ್ಟರು ಬಂದು ದೇವಿಯ ವಾಕ್ಕು ಕೇಳುತ್ತಾರೆ. ಹೊರಗೆ, ಅಪರಿಚಿತರ ಮುಂದೆ, ಹೊತ್ತಲ್ಲದ ಹೊತ್ತಿನಲ್ಲಿ ಕರೆಸಿಕೊಂಡದ್ದಕ್ಕೆ ದೇವಿ ಮುನಿದು ಅಂದು ಬಾರದೆ ಹೋದರೆ ಎಲ್ಲರೂ ಸಿದ್ದಮ್ಮನನ್ನೇ ದೂರುತ್ತಾರೆ. ಅವರ ಮಾತಿನಲ್ಲಿ ಅಲ್ಲಗಳೆಯುವಂಥದ್ದು ನನಗೆ ಕಾಣಲಿಲ್ಲ. ಸಿದ್ಧ ಮಾಡಿಕೊಂಡಿದ್ದ ವಿವರಣೆಯನ್ನು ಬಿಟ್ಟು ಮಜ್ಜಿಗೆ ಕುಡಿದೆ.

ಆಗ ಅಡುಗೆಮನೆಯ ಬಾಗಿಲಲ್ಲಿ ಸಿದ್ದಮ್ಮ ಬಂದು ನಿಂತರು. ಕೈಯಲ್ಲಿ ರಾಗಿ ಹಿಟ್ಟು ಅಂಟಿತ್ತು. ಗಂಡನ ಕಡೆ ನೋಡದೆ, ಚೌಕಟ್ಟಿನ ಮರಕ್ಕೆ ಹೇಳುವಂತೆ ಹೇಳಿದರು.

"ತಾಯಿ ಬಂದಾಗ ಎಲ್ಲಾರೂ ನನ್ನ ಕಾಲಿಗೆ ಬೀಳ್ತೀರಿ. ಆಗ ನಾನು ಇರಲ್ಲ. ತಾಯಿ ಓದ್ಮೇಲೆ ನಾನು ಬರ್ತೀನಿ, ಆಗ ನೀವ್ಯಾರೂ ಇರಲ್ಲ. ನೋವು ಇರ್ತೈತೆ. ಆ ಹಾಲ್‌ನಾಗೆ ಹತ್ತು ನಿಮ್ಸ ನನ್ನ ಮೈಯಾಗೆ ನಾನೇ ಇರ್ತೀನಿ. ಅದೂ ಬ್ಯಾಡ್ವಾ?"

ಕುರಿಯೊಂದು ಕೂಗಿತು. ಮುರುಗೇಶ ಮಜ್ಜಿಗೆ ಲೋಟವನ್ನು ತಿರುಗಿಸುತ್ತ ಕುಳಿತರು. ಮಾತಾಡಿದವರು ಗೋಡೆಗೆ ಒರಗಿ ಕೂತಿದ್ದ ಕೆಂಪಮ್ಮ. ಸೊಸೆಗೂ ಮೊದಲು ಇಪ್ಪತ್ತು ವರ್ಷ ಆ ಮನೆಯಲ್ಲಿ ದೇವಿ ಬರುತ್ತಿದ್ದದ್ದು ಅವರ ಮೈಮೇಲೆ ಎಂದು ನನಗೆ ತಿಳಿದದ್ದು ಆಗಲೇ.

"ನಂಗೂ ಅಂಗೇ ಇತ್ತು ಲೇ ಮುರುಗೇಸ. ಎಲ್ಲಾರೂ ವಾಕ್ಕು ಕೇಳ್ಕಂಡು, ಊಟ ಮಾಡ್ಕಂಡು ಓಗೋರು. ಇವ್ಳ ಬೆನ್ನು ಯಾರು ತಿಕ್ತಾರೆ ಅಂತ ಯಾರೂ ಕೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಉಡುಕೆ ಬ್ಯಾಡ. ಸಾಂಬ್ರಾಣಿ ಬ್ಯಾಡ. ಕಣ್ಣು ಮುಚ್ಚಿಸಬ್ಯಾಡ. ನಾನು ಇವ್ಳ ಕಾಲ ತಾವ ಕುಂತಿರ್ತೀನಿ. ಒಪ್ತೀಯಾ?"

ಒಪ್ಪಿದೆ. ಮುರುಗೇಶ ಆಡಿ ಪೂಜೆಯವರೆಗೆ ಎಂದರು.

ಜುಲೈ 4ರಿಂದ ತರಗತಿ ಬದಲಾಯಿತು. ಕೆಳಗಿನವರು ಸಾಂಬ್ರಾಣಿಯನ್ನು ಬೆಳಗ್ಗೆ ಬೇಗನೆ ಹಾಕಲು ಒಪ್ಪಿದರು. ಹಾಲ್‌ನ ಬಾಗಿಲಲ್ಲಿ ಒಂದು ಬಕೆಟ್ ನೀರಿಟ್ಟೆ. ಕುಣಿಯುವ ಮೊದಲು ಎಲ್ಲರೂ ಪಾದ ಒದ್ದೆ ಮಾಡಿಕೊಂಡು ಬರಬೇಕು, ಒದ್ದೆ ಪಾದ ನೆಲವನ್ನು ಮರೆಯುವುದಿಲ್ಲ. ಕಣ್ಣು ತೆರೆದೇ ಇರಬೇಕು, ನೋಟ ತಮ್ಮ ಕೈಯ ಮೇಲಿರಬೇಕು. ಸಂಗೀತದ ಬದಲು ಕೆಳಗಿನ ಗೆಜ್ಜೆಗಳ ಸದ್ದೇ ಸಾಕೆಂದು ತರಗತಿಯವರೆಲ್ಲ ಹೇಳಿದರು. ಮುಗಿದ ಮೇಲೆ ಇಬ್ಬಿಬ್ಬರು ಸೇರಿ, ಒಬ್ಬರು ಇನ್ನೊಬ್ಬರ ಪಾದಗಳ ಮೇಲೆ ಅಂಗೈಯಿಟ್ಟು ಒಂದು ನಿಮಿಷ ಒತ್ತಬೇಕು. ಇದಕ್ಕೆ ನಮ್ಮ ಪಾಠದಲ್ಲಿ ಗ್ರೌಂಡಿಂಗ್ ಎನ್ನುತ್ತಾರೆ, ಗಮನವನ್ನು ನೆಲಕ್ಕೆ ಮರಳಿಸುವುದು. ನಾನು ಹೇಳಿಕೊಡುತ್ತಿದ್ದ ರೀತಿಗಿಂತ ಕೆಂಪಮ್ಮನ ರೀತಿ ಎಲ್ಲರಿಗೂ ಸುಲಭವಾಯಿತು. ಸಿದ್ದಮ್ಮನಿಗೆ ಹೇಳಬೇಕಾದ್ದನ್ನು ನಾನು ಕನ್ನಡದಲ್ಲೇ ಹೇಳತೊಡಗಿದೆ.

ಮೊದಲ ದಿನ ಸಿದ್ದಮ್ಮ ಹೆದರಿದ್ದರು. ಮೊಣಕೈ ಆಡಿಸುವುದು, ಅತ್ತೆಯನ್ನು ನೋಡುವುದು, ನಿಲ್ಲಿಸುವುದು. ಎರಡನೆಯ ವಾರ ಮೊಣಕೈಯ ಹಿಂದೆ ಭುಜ ಬಂತು, ಭುಜದ ಹಿಂದೆ ಬೆನ್ನು. ನೋವು ಏರುವ ಮೊದಲೇ ಅದು ಬರುತ್ತಿರುವುದು ತಿಳಿಯುತ್ತದೆ, ಆಗ ನಿಧಾನ ಮಾಡುತ್ತೇನೆ ಎಂದರು. ಏಳು ವರ್ಷದಲ್ಲಿ ಅವರ ಕುತ್ತಿಗೆ ಅವರಿಗೆ ಕೊಟ್ಟ ಮೊದಲ ಮುನ್ಸೂಚನೆ ಅದು. ಜುಲೈ 14ರಂದು, ಕಾಲ ಬಳಿ ಕೂತಿದ್ದ ಕೆಂಪಮ್ಮನೂ ಎದ್ದು ಕೈ ಬೀಸುತ್ತ ನಾಲ್ಕು ಹೆಜ್ಜೆ ಹಾಕಿದರು, ಕುರಿಗಳನ್ನು ಹಟ್ಟಿಗೆ ಅಟ್ಟುವಾಗ ಬೀಸುವ ಹಾಗೆ. ಯಾರೂ ನೋಡುವಂತಿಲ್ಲ ಎಂಬ ನಿಯಮವನ್ನು ಅಂದು ಎಲ್ಲರೂ ಮುರಿದರು. ಆಮೇಲೆ ಕೆಂಪಮ್ಮ ತಮಗೂ ಆ ಕೆಂಪು ಬೊಟ್ಟು ಇಡು ಎಂದು ಲೇಸರ್ ಪಟ್ಟಿ ಕಟ್ಟಿಸಿಕೊಂಡರು. ಅವರ ಚುಕ್ಕೆ ಕ್ಯಾಲೆಂಡರನ್ನೂ ದಾಟಿ ಫ್ಯಾನಿನ ಸ್ವಿಚ್‌ಗೆ ಹೋಗಿ ನಿಂತಿತು. "ನನ್ನ ತಲೆ ನಿಮ್ಮ ಕರೆಂಟ್ ಬಿಲ್ ನೋಡಾಕೋಯ್ತು" ಎಂದರು.

ಆಡಿ ಪೂಜೆ ಹತ್ತಿರ ಬಂದಂತೆ ನನ್ನ ನಿದ್ದೆ ಕಡಿಮೆಯಾಯಿತು. ದೇವಿ ಬಾರದಿದ್ದರೆ ಆ ಮನೆಗೆ ಬೇಕಾದ್ದೊಂದನ್ನು ನನ್ನ ತರಗತಿ ಕಿತ್ತುಕೊಂಡಂತಾಗುತ್ತದೆ, ಸಿದ್ದಮ್ಮನಿಗೆ ಹೊರಗಿನ ಬಾಗಿಲು ಮುಚ್ಚುತ್ತದೆ. ಬಂದರೆ ಆ ಕುತ್ತಿಗೆ ಮತ್ತೆ ಹಾಗೆಯೇ ತಿರುಗುತ್ತದೆ, ಮುರುಗೇಶ ಹೇಳಿದ್ದೇ ನಿಜವಾಗುತ್ತದೆ. ಪೂಜೆಗೆ ನನಗೂ ಕರೆ ಬಂದಿತ್ತು. ಅದರ ಹಿಂದಿನ ಮಂಗಳವಾರ ಮುರುಗೇಶರನ್ನು ಹಾಲ್‌ಗೆ ಕರೆಸಿ, ಕುತ್ತಿಗೆಯ ಬುಡಕ್ಕೆ ಕೈಯಿಟ್ಟು ತಲೆಯ ಭಾರ ಹೊರುವುದು ಹೇಗೆಂದು ತೋರಿಸಿಕೊಟ್ಟೆ.

ಜುಲೈ 28, ಶುಕ್ರವಾರ ಮಧ್ಯಾಹ್ನ. ಕೆಂಪು ನೆಲದ ನಡುಮನೆಯಲ್ಲಿ ನೆಂಟರು ಗೋಡೆಗೆ ಒರಗಿ ಕೂತಿದ್ದರು. ಉಡುಕೆಯವರು ಬಂದಿದ್ದರು. ಸಿದ್ದಮ್ಮ ಅರಿಸಿನ ಸೀರೆಯುಟ್ಟು, ಪಾದಕ್ಕೆ ನೀರು ಹಾಕಿಸಿಕೊಂಡು ನಿಂತರು. ಬಹಳ ಹೊತ್ತು ಏನೂ ಆಗಲಿಲ್ಲ. ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿದರು. ಮುರುಗೇಶ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಎರಡು ಪಾದ ಒಟ್ಟಿಗೆ ಸೇರಿದವು, ಉಸಿರು ಬುಸುಗುಟ್ಟಿತು, ತುರುಬು ಬಿಚ್ಚಿತು. ದೇವಿ ಬಂದಳು. ನೆಂಟರು ಕೇಳಬೇಕಾದ್ದನ್ನು ಕೇಳಿದರು, ಉತ್ತರ ಪಡೆದರು. ಆ ಕುತ್ತಿಗೆಯನ್ನು ನೋಡಲಾಗದೆ ನಾನು ಪಾದಗಳನ್ನು ನೋಡುತ್ತಿದ್ದೆ. ಅವು ಒಮ್ಮೆಯೂ ತಪ್ಪು ಜಾಗದಲ್ಲಿ ಬೀಳಲಿಲ್ಲ.

ಮಲೆ ಏರಿದ ಮೇಲೆ ಎಂದಿನಂತೆ ಜನ ಊಟದ ಎಲೆಯ ಕಡೆ ಎದ್ದರು. ಕೆಂಪಮ್ಮ ಪಾದಗಳ ಮೇಲೆ ಅಂಗೈಯಿಟ್ಟರು. ಮುರುಗೇಶ ಹೆಂಡತಿಯ ಹಿಂದೆ ಕುಳಿತು ತಲೆಯ ಭಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಊಟಕ್ಕೆ ಕರೆದವರಿಗೆ ಆಮೇಲೆ ಬರುತ್ತೇನೆಂದರು.

ಸಿದ್ದಮ್ಮ ಕಣ್ಣು ತೆರೆದರು. ಯಾರಿಗಾದರೂ ಹೊಡೆದೆನೇ ಎಂದು ಕೇಳಲಿಲ್ಲ.

"ನೆಲ ತಣ್ಣಗೈತೆ," ಎಂದರು. ಅತ್ತೆಯನ್ನು ನೋಡಿ, "ಈ ದಪ ನಾನೂ ಇದ್ದೆ ಅತ್ತೆ. ಒಸ್ತಿಲ ತಾವ ನಿಂತು ನೋಡ್ದಂಗೆ."

ಕೆಂಪಮ್ಮನ ಕೈ ನಿಂತಿತು. "ತಾಯಿಗೆ ಕ್ವಾಪ ಬಂತಾ?"

"ಇಲ್ಲ. ಜಾಗ ಬಿಟ್ಟಿದ್ಲು."

ಅಂದು ಸಂಜೆ ಅವರ ಕುತ್ತಿಗೆ ನೋಯಿತು, ಮರುದಿನವೂ ನೋಯಿತು. ಹಾಸಿಗೆ ಹಿಡಿಯಲಿಲ್ಲ. ಆಗಸ್ಟ್ 1ರ ಮಂಗಳವಾರ ಅತ್ತೆ ಸೊಸೆ ಇಬ್ಬರೂ ತರಗತಿಗೆ ಬಂದರು. ಮುರುಗೇಶ ಹಾಕಿದ ಗಡುವಿನ ಮಾತು ಯಾರೂ ಎತ್ತಲಿಲ್ಲ. ಲೇಸರ್ ಚುಕ್ಕೆ ಈಗ ಕ್ಯಾಲೆಂಡರಿಗೆ ಹೋಗುವುದಿಲ್ಲ. ಗುರುತಿನ ಮೇಲೇ ಬೀಳುತ್ತದೆ ಎಂದೂ ಹೇಳಲಾರೆ. ಅದರ ಬಳಿ ಬಂದು ನಿಲ್ಲುತ್ತದೆ. ಚಳಿಗಾಲದಲ್ಲಿ ನೋವು ಹೆಚ್ಚುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು ನಿಂತಿದೆ.

ಆ ಹೊತ್ತಿನಲ್ಲಿ ಬರುವುದು ದೇವಿಯೋ, ನನ್ನ ಪುಸ್ತಕದ ಪದವೋ ಎಂದು ನಿರ್ಧರಿಸುವುದು ನನ್ನ ಕೆಲಸವಲ್ಲ ಎಂದು ಈ ಕೇಸ್ ನನಗೆ ಕಲಿಸಿತು. ತಮ್ಮ ಮೈಯೊಳಗೆ ತಾವು ಇರುವುದು ಹೇಗೆಂದು ನಾನು ಹೊಸದಾಗಿ ಹೇಳಿಕೊಡುತ್ತೇನೆ ಎಂದುಕೊಂಡಿದ್ದೆ. ಬರುವವರಲ್ಲಿ ಎಷ್ಟೋ ಮಂದಿಗೆ ಮೈ ಬಿಟ್ಟು ಹೋಗುವ ದಾರಿ ಮೊದಲೇ ಗೊತ್ತಿರುತ್ತದೆ, ಮರಳಿ ಬರುವ ದಾರಿಯೂ ಅವರ ಮನೆಯಲ್ಲೇ ಯಾರಿಗಾದರೂ ಗೊತ್ತಿರುತ್ತದೆ. ಈಗ ಹೊಸಬರು ಬಂದರೆ ಕಣ್ಣು ಮುಚ್ಚಿ ಎನ್ನುವ ಮೊದಲು, ನಿಮ್ಮನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳುತ್ತೇನೆ.

ಹೆಸರುಗಳನ್ನು ಬದಲಿಸಿ ಬರೆದ ಇದನ್ನು ಅತ್ತೆ ಸೊಸೆ ಇಬ್ಬರಿಗೂ ಓದಿ ಹೇಳಿದ್ದೇನೆ. ಕೆಂಪಮ್ಮ ತಾವು ಆಡಿದ ಒಂದು ಬೈಗುಳ ತೆಗೆಯಲು ಹೇಳಿದರು, ತೆಗೆದಿದ್ದೇನೆ. ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ಊರಲ್ಲೋ ಮೈಮೇಲೆ ದೇವರು ಬರುವ ಪದ್ಧತಿಯಿದ್ದರೆ, ಅವರನ್ನು ಮರಳಿ ಕರೆತರುವುದು ಹೇಗೆ, ಮೊದಲು ಮೈಯ ಯಾವ ಭಾಗವನ್ನು ಮುಟ್ಟುತ್ತಾರೆ, ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ತಿಳಿದವರು ದಯವಿಟ್ಟು ಬರೆದು ತಿಳಿಸಿ. ಇಷ್ಟು ಓದಿ ನಿಲ್ಲಿಸಿದಾಗ ಕೆಂಪಮ್ಮ ಇನ್ನೊಂದನ್ನು ಸೇರಿಸಿಕೋ ಎಂದರು: ಆಮೇಲೆ ಅವಳ ಬೆನ್ನು ಯಾರು ತಿಕ್ಕುತ್ತಾರೆ, ಅದನ್ನೂ ಬರೆಯಲು ಹೇಳು.